ಕಚ್ಚಿಕೊಂಡ ಬೋಲ್ಟು, ನಿಂತುಹೋಗುವ ಗಾಣ: ಆಲೆಮನೆ ಮತ್ತು ಪಂಪ್‌ಸೆಟ್ ಯಂತ್ರಗಳಲ್ಲಿ ತುಕ್ಕಿನ ನಿವಾರಣೆ

ಮಂಡ್ಯ ಜಿಲ್ಲೆಯ ಆರ್ಥಿಕ ಜೀವನವು ನೀರು ಮತ್ತು ಕಬ್ಬು ಎಂಬ ಎರಡು ಆಧಾರಗಳ ಮೇಲೆ ನಿಂತಿದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಈ ಭಾಗಕ್ಕೆ ಹರಿದುಬಂದ ನಂತರ ಕಬ್ಬಿನ ಬೆಳೆ ವಿಸ್ತರಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಮದ್ದೂರು ತಾಲ್ಲೂಕಿನ ಕೊಪ್ಪ ಹಾಗೂ ಕೆ.ಎಂ. ದೊಡ್ಡಿಗಳಲ್ಲಿಯೂ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. ಈ ದೊಡ್ಡ ಕಾರ್ಖಾನೆಗಳ ಜೊತೆಜೊತೆಗೇ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಆಲೆಮನೆಗಳು, ಅಕ್ಕಿ ಗಿರಣಿಗಳು ಹಾಗೂ ನೀರೆತ್ತುವ ಪಂಪುಗಳು ಸಾವಿರಾರು ಕುಟುಂಬಗಳಿಗೆ ಜೀವನಾಧಾರವಾಗಿವೆ. ಈ ಎಲ್ಲ ಯಂತ್ರಗಳಿಗೂ ಸಮಾನನಾದ ಶತ್ರುವೊಂದಿದೆ. ಅದೇ ತುಕ್ಕು.

ತುಕ್ಕಿನಿಂದಾಗುವ ನಷ್ಟವು ಮೊದಲು ಕಾಣಿಸಿಕೊಳ್ಳುವುದು ಬೋಲ್ಟಿನಲ್ಲಿ. ಗಾಣದ ಬೇರಿಂಗ್ ಬದಲಿಸಬೇಕಾದ ದಿನ ಅದರ ಬೋಲ್ಟು ಜಪ್ಪಯ್ಯ ಎಂದರೂ ತಿರುಗುವುದಿಲ್ಲ. ಅವಸರದಲ್ಲಿ ಉದ್ದನೆಯ ಪೈಪು ಹಾಕಿ ಎಳೆದಾಗ ಬೋಲ್ಟಿನ ತಲೆ ಮುರಿಯುತ್ತದೆ. ಕೆಲವೊಮ್ಮೆ ಎರಕದ ಕಿವಿಯೇ ಬಿರುಕು ಬಿಡುತ್ತದೆ. ಬೋಲ್ಟಿನ ಬೆಲೆ ಕೆಲವೇ ರೂಪಾಯಿಗಳು. ಆದರೆ ಗಾಣ ನಿಂತರೆ ಕಡಿದು ತಂದ ಕಬ್ಬು ಬಿಸಿಲಿನಲ್ಲಿ ಒಣಗುತ್ತದೆ, ಅದರೊಳಗಿನ ಸಕ್ಕರೆಯ ಅಂಶ ವಿಭಜನೆ ಹೊಂದುತ್ತದೆ, ಅಂಥ ಕಬ್ಬಿನ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಿಂಡಿ ಇಟ್ಟ ಹಾಲಂತೂ ಕೆಲವೇ ಗಂಟೆಗಳಲ್ಲಿ ಹುಳಿಯಲಾರಂಭಿಸುತ್ತದೆ. ಆದ್ದರಿಂದ ಕಚ್ಚಿಕೊಂಡ ಬೋಲ್ಟನ್ನು ಬಿಚ್ಚುವ ವಿಧಾನವನ್ನೂ, ಅದು ಮತ್ತೆ ಕಚ್ಚಿಕೊಳ್ಳದಂತೆ ಜೋಡಿಸುವ ಕ್ರಮವನ್ನೂ ಪ್ರತಿಯೊಬ್ಬ ಮಾಲೀಕರೂ ಅರಿತಿರುವುದು ಲೇಸು.

ಬೋಲ್ಟು ಕಚ್ಚಿಕೊಳ್ಳುವುದೇಕೆ?

ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಹೀಗೆ ಉಂಟಾದ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚಿನ ಜಾಗವನ್ನು ಆಕ್ರಮಿಸುತ್ತದೆ. ನಟ್ಟು ಮತ್ತು ಬೋಲ್ಟಿನ ಥ್ರೆಡ್ಡುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಇದು ಉಬ್ಬಿ ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಸಂದಿಯು ಕಿರಿದಾಗಿರುವುದರಿಂದ ಒಮ್ಮೆ ಒಳಸೇರಿದ ತೇವ ಬೇಗನೆ ಆರುವುದೂ ಇಲ್ಲ.

ಆಲೆಮನೆಯಲ್ಲಿ ಈ ಕ್ರಿಯೆಗೆ ಇನ್ನಷ್ಟು ವೇಗ ದೊರೆಯುತ್ತದೆ. ಕಬ್ಬಿನ ಹಾಲು ಸ್ವಭಾವತಃ ಹುಳಿಯ ಗುಣವುಳ್ಳದ್ದು, ಅದರ ಪಿ.ಹೆಚ್. ಸುಮಾರು 5ರಿಂದ 5.5ರಷ್ಟು. ಹಾಲು ಹುದುಗಿದಂತೆ ಹುಳಿ ಇನ್ನೂ ಏರುತ್ತದೆ. ರೋಲರುಗಳಿಂದ ಹೊರಬರುವ ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವುದರಿಂದ, ಗಾಣದ ಬುಡದಲ್ಲಿ ಅದನ್ನು ರಾಶಿ ಬಿಟ್ಟರೆ ತಳಪಾಯದ ಬೋಲ್ಟುಗಳು ಸದಾ ಒದ್ದೆಯಾಗಿಯೇ ಇರುತ್ತವೆ.

ಎರಡು ಬೇರೆ ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ತಾಕಿದಾಗ ಉಂಟಾಗುವ ಸವೆತ ಮತ್ತೊಂದು ಬಗೆಯದು. ಅಲ್ಲಿ ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು, ಎರಡರಲ್ಲಿ ದುರ್ಬಲವಾದ ಲೋಹ ಕರಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಅಗಲವಾದ ತಗಡಿಗೆ ಸಾಧಾರಣ ಕಬ್ಬಿಣದ ಸಣ್ಣ ಬೋಲ್ಟು ಹಾಕಿದರೆ ಆ ಬೋಲ್ಟು ಬಲುಬೇಗ ಸವೆಯುವುದಕ್ಕೆ ಇದೇ ಕಾರಣ. ಹಿತ್ತಾಳೆಯ ಇಂಪೆಲ್ಲರ್ ಮತ್ತು ಎರಕದ ಕವಚವಿರುವ ಪಂಪುಗಳಲ್ಲಿಯೂ ಇದನ್ನು ಕಾಣಬಹುದು.

ಬಿಚ್ಚುವ ಮೊದಲು

ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು.

ಮೊದಲನೆಯದು, ಹಿಡಿದಿರುವುದು ತುಕ್ಕೋ ಅಥವಾ ಒಣಗಿದ ಕಬ್ಬಿನ ಹಾಲೋ ಎಂಬುದು. ಗಾಣದ ಸುತ್ತಮುತ್ತಲಿನ ಬೋಲ್ಟುಗಳ ಮೇಲೆ ಹಾಲು ಒಣಗಿ ಅಂಟಿನಂತೆ ಗಟ್ಟಿಯಾಗಿರುತ್ತದೆ. ಇದಕ್ಕೆ ಎಷ್ಟು ಎಣ್ಣೆ ಸುರಿದರೂ ವ್ಯರ್ಥ, ಏಕೆಂದರೆ ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ. ಕುದಿಯುವ ನೀರನ್ನು ಎರಡು ಮೂರು ಬಾರಿ ಎರೆದು, ತಂತಿಯ ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿದ ಮೇಲೆಯೇ ಎಣ್ಣೆ ಬಿಡಬೇಕು.

ಎರಡನೆಯದು, ಥ್ರೆಡ್ಡಿನ ಬಗೆ. ಹಳೆಯ ಎಂಜಿನ್ನು ಮತ್ತು ಪಂಪುಗಳಲ್ಲಿ ಅಂಗುಲದ ಅಳತೆಯ ವಿಟ್‌ವರ್ತ್ ಬೋಲ್ಟುಗಳಿರುವುದುಂಟು. ಇವುಗಳ ಥ್ರೆಡ್ಡಿನ ಕೋನ 55 ಡಿಗ್ರಿ; ಮೆಟ್ರಿಕ್ ಬೋಲ್ಟಿನದು 60 ಡಿಗ್ರಿ. ಅಂಗುಲದ ನಟ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಿ ಎಳೆದರೆ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ.

ಮೂರನೆಯದು, ತಿರುಗುವ ದಿಕ್ಕು. ಕೆಲವು ಪಂಪುಗಳ ಇಂಪೆಲ್ಲರ್ ನಟ್ಟು ಹಾಗೂ ಸಾಣೆ ಯಂತ್ರದ ಎಡಬದಿಯ ನಟ್ಟು ಎಡಸುತ್ತಿನವು. ಇವನ್ನು ಅರಿಯದೆ ಬಿಚ್ಚಲು ಹೋದವರು ಬಿಗಿಯುತ್ತಲೇ ಹೋಗಿ ಮುರಿದುಬಿಡುತ್ತಾರೆ.

ಬಿಚ್ಚುವ ಕ್ರಮ

1. ಹೊರಗೆ ಕಾಣುವ ಥ್ರೆಡ್ಡನ್ನು ತಂತಿಯ ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು. ಇಲ್ಲವಾದರೆ ಸಡಿಲಗೊಂಡ ನಟ್ಟು ಆ ತುಕ್ಕಿನ ಮೇಲೆಯೇ ಮತ್ತೆ ಸಿಕ್ಕಿಕೊಳ್ಳುತ್ತದೆ.

2. ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು ಕಾಯಬೇಕು. ತೇವ ಒಳಸೇರಿದ ದಾರಿಯಲ್ಲಿಯೇ ತೆಳುವಾದ ಎಣ್ಣೆಯೂ ಒಳಸೇರುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಸಂಜೆ ಬಿಟ್ಟು ಬೆಳಿಗ್ಗೆ ಬಿಚ್ಚುವುದು ಉತ್ತಮ. ಗೇರ್ ಎಣ್ಣೆ, ಗ್ರೀಸುಗಳಂಥ ದಪ್ಪ ಪದಾರ್ಥಗಳು ಈ ಕೆಲಸಕ್ಕೆ ಬಾರವು.

3. ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಹಲವು ಬಾರಿ ಹದವಾಗಿ ಬಡಿಯಬೇಕು. ಈ ಅದುರುವಿಕೆಯಿಂದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಎರಕದ ಭಾಗಕ್ಕೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು.

4. ಅಳತೆಗೆ ಸರಿಹೊಂದುವ, ಆರು ಮೂಲೆಯ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರನ್ನೇ ಬಳಸಬೇಕು. ಮೊದಲು ತುಸು ಬಿಗಿಯುವ ದಿಕ್ಕಿಗೆ, ನಂತರ ಬಿಚ್ಚುವ ದಿಕ್ಕಿಗೆ ಎಳೆಯಬೇಕು. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದಕ್ಕೆ ಹೋಗಿ, ಮತ್ತೆ ಎಣ್ಣೆ ಬಿಡುತ್ತ ಮುಂದುವರಿಯಬೇಕು.

5. ಇಷ್ಟಕ್ಕೂ ಜಗ್ಗದಿದ್ದರೆ ಶಾಖವೇ ಉಪಾಯ. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. 16 ಮಿ.ಮೀ. ಬೋಲ್ಟಿನ ನಟ್ಟಿನ ಉಷ್ಣತೆ 300 ಡಿಗ್ರಿಯಷ್ಟು ಏರಿದರೆ ಅದರ ರಂಧ್ರವು ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ನೋಡಲು ಇದು ಅತ್ಯಲ್ಪವಾದರೂ ತುಕ್ಕಿನ ಹಿಡಿತವನ್ನು ಬಿಡಿಸಲು ಸಾಕಾಗುತ್ತದೆ. ಕಾಯಿಸಿದ ಎರಕದ ಭಾಗದ ಮೇಲೆ ತಣ್ಣೀರು ಸುರಿದರೆ ಅದು ಸೀಳಿಹೋಗುವ ಅಪಾಯವಿದೆ. ತಾನಾಗಿಯೇ ಆರಲು ಬಿಡಬೇಕು.

6. ನಟ್ಟು ಈಗಾಗಲೇ ದುಂಡಗಾಗಿದ್ದರೆ ಉಳಿಯಿಂದ ಅದನ್ನೇ ಸೀಳಿ ತೆಗೆಯುವುದು ಜಾಣತನ. ನಟ್ಟು ಹೋದರೆ ಹೋಗಲಿ, ಯಂತ್ರದ ಕವಚ ಉಳಿಯಬೇಕು.

ತಲೆ ಮುರಿದಾಗ

ಬೋಲ್ಟು ಮುರಿದು ತುಂಡು ಹೊರಗೆ ಚಾಚಿಕೊಂಡಿದ್ದರೆ ಅದರ ಮೇಲೆ ಹೊಸ ನಟ್ಟೊಂದನ್ನಿಟ್ಟು, ನಟ್ಟಿನ ರಂಧ್ರದೊಳಗಿನಿಂದ ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗ್‌ನ ಶಾಖವೇ ತುಕ್ಕನ್ನು ಸಡಿಲಿಸುತ್ತದೆ. ತುಂಡು ಒಳಗೇ ಉಳಿದಿದ್ದರೆ ಸರಿಯಾಗಿ ನಡುಮಧ್ಯದಲ್ಲಿ ಪಂಚ್ ಗುರುತು ಮಾಡಿ, ಸಣ್ಣ ಡ್ರಿಲ್‌ನಿಂದ ಆರಂಭಿಸಿ ಹಂತಹಂತವಾಗಿ ಕೊರೆಯಬೇಕು. ತುಂಡು ತೆಗೆಯುವ ಎಡಸುತ್ತಿನ ಸಾಧನವನ್ನು ಬಲವಂತವಾಗಿ ತಿರುಗಿಸಬಾರದು. ಅದು ಒಳಗೆ ಮುರಿದರೆ, ಅದರ ಗಡಸು ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು. ಥ್ರೆಡ್ಡು ಕೆಟ್ಟಿದ್ದರೆ ಮುಂದಿನ ಅಳತೆಗೆ ಹೊಸದಾಗಿ ಟ್ಯಾಪ್ ಹಾಕಬೇಕು, 10 ಮಿ.ಮೀ. ಮೆಟ್ರಿಕ್ ಟ್ಯಾಪಿಗೆ 8.5 ಮಿ.ಮೀ., 12 ಮಿ.ಮೀ. ಟ್ಯಾಪಿಗೆ 10.2 ಮಿ.ಮೀ. ಡ್ರಿಲ್ ಬಳಸುವುದು ವಾಡಿಕೆ.

ಎಚ್ಚರಿಕೆಗಳು

ಡೀಸೆಲ್ ಟ್ಯಾಂಕ್ ಹಾಗೂ ಒಣಸಿಪ್ಪೆಯ ರಾಶಿಯ ಸಮೀಪದಲ್ಲಿ ಜ್ವಾಲೆ ಹಚ್ಚಬಾರದು. ಎಣ್ಣೆ ಬಿಟ್ಟ ಭಾಗವನ್ನು ಒರೆಸದೆ ಕಾಯಿಸಬಾರದು. ಸತುವಿನ ಲೇಪನವಿರುವ ಬೋಲ್ಟುಗಳನ್ನು ಕಾಯಿಸಿದಾಗ ಏಳುವ ಬಿಳಿಹೊಗೆ ಜ್ವರವನ್ನು ತರುತ್ತದೆ. ಇಂಥ ಕೆಲಸ ಬಯಲಿನಲ್ಲಿ ನಡೆಯಬೇಕು. ವಿದ್ಯುತ್ ಪಂಪಿನ ಕೆಲಸಕ್ಕೆ ಮೊದಲು ಫ್ಯೂಸ್ ಕಳಚಿ ತಮ್ಮ ಬಳಿಯೇ ಇಟ್ಟುಕೊಳ್ಳುವುದು ಜೀವರಕ್ಷಣೆಯ ಮಾತು. ಕೆಂಪಗೆ ಕಾದ ಬೋಲ್ಟನ್ನು ಮರಳಿ ಬಳಸಬಾರದು. ತಲೆಯ ಮೇಲೆ 8.8 ಎಂಬ ಗುರುತಿರುವ ಗಟ್ಟಿ ಬೋಲ್ಟುಗಳು ಅಂಥ ಶಾಖದಲ್ಲಿ ತಮ್ಮ ಬಲವನ್ನು ಕಳೆದುಕೊಳ್ಳುತ್ತವೆ.

ಮರುಜೋಡಣೆಯೇ ನಿಜವಾದ ಪರಿಹಾರ

ಬೋಲ್ಟು ಮುಂದೊಂದು ದಿನ ಸುಲಭವಾಗಿ ಬಿಚ್ಚುವುದೋ ಇಲ್ಲವೋ ಎಂಬುದು ಅದನ್ನು ಜೋಡಿಸುವ ದಿನವೇ ತೀರ್ಮಾನವಾಗುತ್ತದೆ. ಥ್ರೆಡ್ಡುಗಳನ್ನು ಸ್ವಚ್ಛಗೊಳಿಸಿ, ತಾಮ್ರ ಅಥವಾ ಗ್ರಾಫೈಟ್ ಬೆರೆತ, ಬೋಲ್ಟು ಕಚ್ಚಿಕೊಳ್ಳದಂತೆ ತಡೆಯುವ ಲೇಪವನ್ನು ತೆಳ್ಳಗೆ ಹಚ್ಚಬೇಕು. ಲೇಪ ಹಚ್ಚಿದ ಬೋಲ್ಟು ಕಡಿಮೆ ಬಲಕ್ಕೇ ಹೆಚ್ಚು ಬಿಗಿಯಾಗುವುದರಿಂದ ಹಿಂದಿನಷ್ಟೇ ಜೋರಾಗಿ ಎಳೆಯಬಾರದು. ಹಾಲು ಅಥವಾ ಬೆಲ್ಲ ತಾಕುವ ಕಡೆಗಳಲ್ಲಿ ಆಹಾರ ಯಂತ್ರಗಳಿಗೆಂದೇ ತಯಾರಾದ ಗ್ರೀಸನ್ನು ಮಾತ್ರ ಬಳಸತಕ್ಕದ್ದು.

ಹೊರಾಂಗಣದ ಪೈಪುಗಳಿಗೆ ಕಾದ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟುಗಳು ಸೂಕ್ತ. ಅಂಗಡಿಗಳಲ್ಲಿ ದೊರೆಯುವ ಹೊಳಪಿನ ಬೋಲ್ಟುಗಳ ಮೇಲಿನ ಲೇಪನ ಕೆಲವೇ ಮೈಕ್ರಾನ್ ದಪ್ಪವಿದ್ದು, ಬೇಗ ಸವೆಯುತ್ತದೆ. ಆದರೆ ಕಬ್ಬಿನ ಹಾಲು ತಾಕುವೆಡೆ ಸತುವಿನ ಲೇಪನ ಸಲ್ಲದು. ಹುಳಿಗೆ ಸತು ಕರಗಿ ಬೆಲ್ಲವನ್ನು ಸೇರುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳೇ ಯೋಗ್ಯ. ಸ್ಟೇನ್‌ಲೆಸ್ ನಟ್ಟು ಮತ್ತು ಬೋಲ್ಟು ತುಕ್ಕಿಲ್ಲದೆಯೂ ಒಂದಕ್ಕೊಂದು ಬೆಸೆದುಕೊಳ್ಳಬಲ್ಲವಾದ್ದರಿಂದ ಇವುಗಳಿಗೂ ಗ್ರೀಸು ಹಚ್ಚಿ ನಿಧಾನವಾಗಿ ಬಿಗಿಯಬೇಕು.

ಕರಾವಳಿಯ ಪಾಠ

ತುಕ್ಕಿನೊಡನೆ ನಿತ್ಯ ಸೆಣಸುವವರು ದೋಣಿಗಳ ಮಾಲೀಕರು. ಸಮುದ್ರದ ನೀರಿನಲ್ಲಿ ಸುಮಾರು ಶೇಕಡಾ 3.5ರಷ್ಟು ಉಪ್ಪಿದ್ದು, ದೋಣಿಯ ಮೋಟಾರಿನ ಅಲ್ಯೂಮಿನಿಯಂ ಕವಚ ಮತ್ತು ಸ್ಟೇನ್‌ಲೆಸ್ ಬೋಲ್ಟುಗಳ ನಡುವೆ ಸವೆತ ತೀವ್ರವಾಗಿರುತ್ತದೆ. ಅದಕ್ಕಾಗಿ ಅವರು ಮೋಟಾರಿಗೆ ಸತುವಿನಂಥ ಲೋಹದ ತುಂಡನ್ನು ಜೋಡಿಸುತ್ತಾರೆ. ಯಂತ್ರದ ಬದಲಿಗೆ ಆ ತುಂಡೇ ಸವೆಯುತ್ತದೆ. ಸವೆದಾಗ ಹೊಸದನ್ನು ಹಾಕಿದರಾಯಿತು. ಹಡಗುಗಳ ರಕ್ಷಣೆಗಾಗಿ ಈ ತತ್ವವನ್ನು 1824ರಲ್ಲಿ ಹಂಫ್ರಿ ಡೇವಿ ಎಂಬ ಇಂಗ್ಲಿಷ್ ವಿಜ್ಞಾನಿ ಪ್ರತಿಪಾದಿಸಿದನು. ಸಿಹಿನೀರಿನ ಜಲಾಶಯಗಳಲ್ಲಿ ಓಡುವ ದೋಣಿಗಳಿಗೆ ಸತುವಿಗಿಂತ ಮೆಗ್ನೀಷಿಯಂ ತುಂಡು ಪರಿಣಾಮಕಾರಿ.

ಆಲೆಮನೆಗಳಿಗೆ ಇದಕ್ಕಿಂತಲೂ ಉಪಯುಕ್ತವಾದದ್ದು ಅವರ ಇನ್ನೊಂದು ಅಭ್ಯಾಸ. ಕಡಲಿನಿಂದ ಮರಳಿದ ಮೋಟಾರನ್ನು ಸಿಹಿನೀರಿನಿಂದ ತೊಳೆಯದೆ ನಿಲ್ಲಿಸುವುದು ತರವಲ್ಲವೆಂಬುದು ಅಲ್ಲಿನ ನಿಯಮ. ಕಬ್ಬು ಅರೆಯುವುದು ಮುಗಿದ ಕೂಡಲೇ ಗಾಣವನ್ನು ಶುದ್ಧ ನೀರಿನಿಂದ ತೊಳೆದು, ಬುಡದ ಸಿಪ್ಪೆ ತೆಗೆದು, ಒಣಗಿದ ಮೇಲೆ ಬೋಲ್ಟುಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟರೆ ಅರ್ಧ ತೊಂದರೆ ಅಲ್ಲಿಯೇ ತಪ್ಪುತ್ತದೆ.

ಪಂಪುಗಳಿಗೂ ಇದೇ ರೀತಿಯ ಶಿಸ್ತು ಅಗತ್ಯ. ನಾಲೆಗೆ ನೀರು ಬಿಡುವ ಮುನ್ನವೇ ಫ್ಲಾಂಜ್ ಮತ್ತು ಗ್ಲ್ಯಾಂಡಿನ ಬೋಲ್ಟುಗಳನ್ನು ಒಮ್ಮೆ ಸಡಿಲಿಸಿ, ಲೇಪ ಹಚ್ಚಿ, ಮರಳಿ ಬಿಗಿಯಬೇಕು. ವರ್ಷಕ್ಕೆ ಒಂದು ಬಾರಿ ಅಲುಗಾಡಿದ ಬೋಲ್ಟು ಕಚ್ಚಿಕೊಳ್ಳುವುದು ವಿರಳ. ಪ್ರತಿ ಅಳತೆಯ ನಾಲ್ಕಾರು ನಟ್ಟು-ಬೋಲ್ಟುಗಳು, ಒಂದು ಡಬ್ಬಿ ಲೇಪ, ಒಂದು ತಂತಿಯ ಬ್ರಷ್: ಇಷ್ಟು ಸಾಮಗ್ರಿ ಆಲೆಮನೆಯ ಗೂಡಿನಲ್ಲಿದ್ದರೆ, ಗಾಣ ನಿಂತ ಒಂದು ದಿನದ ನಷ್ಟದ ಮುಂದೆ ಅದರ ಖರ್ಚು ಲೆಕ್ಕಕ್ಕೇ ಬಾರದು.