ಸಿರಿಯ ಪಾಡು

ದುಃಖವನ್ನು ಆಡಿಕೊಂಡರೆ ಅದರ ಭಾರ ಇಳಿಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಆಡಲು ಅವಕಾಶ ಬೇಕು. ಕೇಳಲು ಜನ ಬೇಕು. ದುಃಖ ಒಬ್ಬರದಾಗಿರದೆ, ನಾಡಿನ ಹೆಣ್ಣುಮಕ್ಕಳು ತಲೆಮಾರುಗಳಿಂದ ನುಂಗಿಕೊಂಡು ಬಂದುದಾದರೆ ಅದನ್ನು ಹೊರಗೆಡಹುವ ಬಗೆ ಯಾವುದು? ತುಳುನಾಡಿನ ಜನರು ಕಂಡುಕೊಂಡ ಒಂದು ಬಗೆ ಸಿರಿಜಾತ್ರೆ.

ಸಿರಿ ತುಳು ಪಾಡ್ದನವೊಂದರ ನಾಯಕಿ. ಪಾಡ್ದನವೆಂದರೆ ಬಾಯಿಂದ ಬಾಯಿಗೆ ಹರಿದುಬಂದ ಕಥನಗೀತೆ. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಇಂತಹ ಹಾಡುಗಳನ್ನು ಹಾಡುತ್ತಿದ್ದರು. ಸತ್ಯನಾಪುರದ ಬೆರ್ಮು ಆಳ್ವನ ಮೊಮ್ಮಗಳಾಗಿ ಬೆಳೆದ ಸಿರಿಯನ್ನು ಬಸರೂರಿನ ಕಾಂತು ಪೂಂಜನಿಗೆ ಮದುವೆ ಮಾಡಿಕೊಡುತ್ತಾರೆ. ತುಂಬು ಬಸುರಿಯಾದ ಅವಳ ಬಯಕೆಗೆಂದು ತಂದ ಸೀರೆಯನ್ನು ಗಂಡನು ಮೊದಲು ಬೇರೊಬ್ಬಳಿಗೆ ಉಡಿಸುತ್ತಾನೆ. ಸಿರಿ ಆ ಸೀರೆಯನ್ನು ಮುಟ್ಟುವುದಿಲ್ಲ. ಅಜ್ಜ ತೀರಿಕೊಂಡ ಮೇಲೆ ಮನೆತನದ ಹಕ್ಕೂ ಅವಳ ಕೈತಪ್ಪುತ್ತದೆ. ಆಗ ಅವಳು ಗಂಡನನ್ನು ತ್ಯಜಿಸಿ, ಕೂಸು ಕುಮಾರನೊಡನೆ ಮನೆ ಬಿಟ್ಟು ಹೊರಡುತ್ತಾಳೆ. ಮಗಳು ಸೊನ್ನೆಯ ಬಾಳಿನಲ್ಲಿಯೂ ದುಃಖ ತಪ್ಪುವುದಿಲ್ಲ. ಸೊನ್ನೆಯ ಅವಳಿಮಕ್ಕಳಾದ ಅಬ್ಬಗ-ದಾರಗರು ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಸಾವಿಗೀಡಾಗುತ್ತಾರೆ.

ಉಡುಪಿಯ ಸಮೀಪದ ಹಿರಿಯಡಕ, ಕಾರ್ಕಳ ತಾಲೂಕಿನ ನಂದಳಿಕೆ ಮೊದಲಾದೆಡೆ ಹುಣ್ಣಿಮೆಯ ರಾತ್ರಿ ಸಿರಿಜಾತ್ರೆ ನಡೆಯುತ್ತದೆ. ಕಾರಣ ತಿಳಿಯದ ಸಂಕಟದಿಂದ ಬಳಲುವ ಹೆಣ್ಣುಮಕ್ಕಳನ್ನು ಮನೆಯವರು ಅಲ್ಲಿಗೆ ಕರೆತರುತ್ತಾರೆ. ಅವರ ಕೈಯಲ್ಲಿ ಹಿಂಗಾರವಿರುತ್ತದೆ. ಕುಮಾರನ ಪಾತ್ರ ವಹಿಸಿದ ಪುರುಷನು "ನೀನು ಯಾರು?" ಎಂದು ಕೇಳುತ್ತಾನೆ. ಮೊದಲು ಮೌನ, ಬಳಿಕ ನಡುಕ, ಕಡೆಗೆ ಮಾತು. ಒಬ್ಬಳು ತಾನು ಸಿರಿಯೆಂದೂ ಇನ್ನೊಬ್ಬಳು ತಾನು ಸೊನ್ನೆಯೆಂದೂ ಹಾಡತೊಡಗುತ್ತಾರೆ. ಕಥೆ ಹಳೆಯದು, ಹೇಳುವವಳು ಮಾತ್ರ 'ನಾನು' ಎಂದೇ ಹೇಳುತ್ತಾಳೆ. ಸಿರಿಯ ಅಳಲಿನೊಡನೆ ಅವಳ ಸ್ವಂತ ಅಳಲೂ ಬೆರೆಯುತ್ತದೆ. ಮನೆಯಲ್ಲಿ ಆಡಲಾಗದ ಮಾತನ್ನು ಇಲ್ಲಿ ಮನೆಯವರೇ ನಿಂತು ಕೇಳಬೇಕಾಗುತ್ತದೆ. ಹಿಂದೆ ಹೀಗೆಯೇ ಬಂದು ಅನುಭವ ಪಡೆದ ಹೆಂಗಸರು ಹೊಸಬಳಿಗೆ ಆಸರೆಯಾಗುತ್ತಾರೆ.

ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಇಂತಹ ಒಂದು ಸಿರಿಬಳಗವನ್ನು ನಡೆಸುತ್ತಿದ್ದ ಗಾಯಕರು. 1990ರ ಡಿಸೆಂಬರಿನಲ್ಲಿ ಅವರು ಈ ಪಾಡ್ದನವನ್ನು ಪೂರ್ಣವಾಗಿ ಹೇಳಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಹಾಗೂ ನಮ್ಮ ವಿದ್ವಾಂಸರಾದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅದನ್ನು ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾಯಿತು. ಅಕ್ಷರವರಿಯದವರ ನಾಲಗೆಯ ಮೇಲೆ ಎಂತಹ ಮಹಾಕಾವ್ಯ ಉಳಿದಿತ್ತೆಂಬುದನ್ನು ಲೋಕವು ಆಗ ಕಂಡಿತು.

ಜಾತ್ರೆಯಿಂದ ಎಲ್ಲ ಸಂಕಟವೂ ಕಳೆಯುತ್ತದೆಂದು ಹೇಳಲಾಗದು. ಮನಸ್ಸಿನ ಕಾಯಿಲೆಗೆ ವೈದ್ಯರ ನೆರವು ಅವಶ್ಯಕ. ಆದರೂ ಈ ಆಚರಣೆಯಲ್ಲಿ ಅಡಗಿರುವ ತಿಳಿವು ಚಿಕ್ಕದಲ್ಲ. ನೊಂದವಳು ತನ್ನ ಪಾಡನ್ನು ತಾನೇ ಹೇಳಬೇಕು. ಅದನ್ನು ಹತ್ತು ಜನ ಕೇಳಬೇಕು. ಇದು ತನ್ನೊಬ್ಬಳ ಪಾಡಲ್ಲವೆಂದು ಅವಳಿಗೆ ಮನವರಿಕೆಯಾಗಬೇಕು. ಅಂದು ಸಿರಿಯ ಮಾತನ್ನು ಕೇಳುವವರಿರಲಿಲ್ಲ. ಇಂದು ಅವಳ ಹೆಸರಿನಲ್ಲಿ ಆಡುವ ಮಾತಿಗೆ ಊರೇ ಕಿವಿಗೊಡುತ್ತದೆ.