ಕಚೇರಿಯ ಅಂತರ್ಜಾಲ ಸಂಪರ್ಕ ಕಡಿತ: ಹೊಸ ರೂಟರ್ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಇ-ಸ್ವತ್ತು, ತೆರಿಗೆ ವಸೂಲಿ, ಪಂಚತಂತ್ರದ ಲೆಕ್ಕಪತ್ರ, ಬಾಪೂಜಿ ಸೇವಾ ಕೇಂದ್ರದ ಅರ್ಜಿ ಇವೆಲ್ಲವೂ ಇಂದು ಅಂತರ್ಜಾಲವನ್ನೇ ಅವಲಂಬಿಸಿವೆ. ಬೆಳಿಗ್ಗೆ ಸರಿಯಾಗಿರುವ ಸಂಪರ್ಕವು ಜನ ಸೇರಿ ಎಲ್ಲ ಗಣಕಯಂತ್ರಗಳೂ ಚಾಲನೆಗೊಂಡ ಬಳಿಕ ಪದೇ ಪದೇ ಕಡಿದುಹೋದರೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ತರೀಕೆರೆ ತಾಲ್ಲೂಕಿನ ಹಳ್ಳಿಗಳಿಂದ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆಗ ಸಾಮಾನ್ಯ ಸಭೆಯ ಮುಂದೆ ಹೊಸ ರೂಟರ್ ಖರೀದಿಯ ಪ್ರಸ್ತಾವನೆ ಬರುವುದು ಸಹಜ. ಆದರೆ ದೋಷವು ಬೇರೆಡೆ ಇದ್ದಲ್ಲಿ ಹೊಸ ಉಪಕರಣದಿಂದಲೂ ಪ್ರಯೋಜನವಾಗದು. ಆದ್ದರಿಂದ ಅನುಮೋದನೆಗೆ ಮುನ್ನ ಸದಸ್ಯರು ಕೆಳಗಿನ ಅಂಶಗಳನ್ನು ವಿಚಾರಿಸುವುದು ಸೂಕ್ತ.

1. ಮೊದಲು ದೀಪಗಳನ್ನು ಗಮನಿಸುವುದು
ಸಂಪರ್ಕ ಕಡಿದ ಕ್ಷಣದಲ್ಲಿ ಎಲ್ಲ ದೀಪಗಳೂ ಆರಿ ಮತ್ತೆ ಹೊತ್ತಿಕೊಂಡರೆ ರೂಟರ್ ತಾನಾಗಿ ಮರುಚಾಲನೆಗೊಂಡಿದೆ ಎಂದರ್ಥ. ವಿದ್ಯುತ್ ಪೂರೈಕೆಯನ್ನು ಅಥವಾ ಶಾಖವನ್ನು ಶಂಕಿಸಬೇಕು. ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಆಪ್ಟಿಕಲ್ ಫೈಬರ್ ಮೂಲಕ ಬೆಳಕು ತಲುಪುತ್ತಿಲ್ಲ. ಇದಕ್ಕೂ ಬಳಕೆಯ ಹೊರೆಗೂ ಸಂಬಂಧವಿಲ್ಲ; ಸೇವಾದಾರರಿಗೆ ದೂರು ನೀಡುವುದೇ ಮಾರ್ಗ. ದೀಪಗಳು ಯಥಾಸ್ಥಿತಿಯಲ್ಲಿದ್ದೂ ಪುಟಗಳು ತೆರೆಯದಿದ್ದರೆ ಹೊರೆಯೇ ಕಾರಣವಾಗಿರುವ ಸಂಭವ ಹೆಚ್ಚು.

2. ಅಡಾಪ್ಟರ್ ಮತ್ತು ಶಾಖ
ಹೊರೆ ಹೆಚ್ಚಿದಂತೆ ರೂಟರ್ ಹೆಚ್ಚು ವಿದ್ಯುತ್ ಪ್ರವಾಹವನ್ನು ಬೇಡುತ್ತದೆ. 12 ವೋಲ್ಟ್, 1.5 ಆಂಪಿಯರ್ ಎಂದು ನಮೂದಿಸಿರುವ ರೂಟರ್‌ಗೆ 12 ವೋಲ್ಟ್, 0.5 ಆಂಪಿಯರ್‌ನ ಅಡಾಪ್ಟರ್ ಜೋಡಿಸಿದ್ದರೆ, ಕೆಲಸ ಕಡಿಮೆ ಇರುವಾಗ ನಡೆದು, ಹೆಚ್ಚಾದಾಗ ವೋಲ್ಟೇಜ್ ಕುಸಿದು ಮರುಚಾಲನೆಗೊಳ್ಳುತ್ತದೆ. ಅಡಾಪ್ಟರ್‌ನ ವೋಲ್ಟ್ ಸಮನಾಗಿರಬೇಕು. ಆಂಪಿಯರ್ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು. ರೂಟರನ್ನು ಬೀರುವಿನೊಳಗೆ, ಕಡತಗಳ ನಡುವೆ ಇಡದೆ ಗಾಳಿಯಾಡುವ ಎತ್ತರದಲ್ಲಿಡಬೇಕು.

3. ಒಂದೊಂದಾಗಿ ಜೋಡಿಸಿ ನೋಡುವುದು
ಎಲ್ಲ ಮೊಬೈಲ್ ಮತ್ತು ಗಣಕಯಂತ್ರಗಳನ್ನು ಬಿಡಿಸಿ, ಒಂದನ್ನು ಮಾತ್ರ ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ ಅರ್ಧ ಗಂಟೆ ಕೆಲಸ ಮಾಡಬೇಕು. ಸಂಪರ್ಕ ಸ್ಥಿರವಾಗಿದ್ದರೆ ಉಳಿದವನ್ನು ಒಂದೊಂದಾಗಿ ಸೇರಿಸಬೇಕು. ಯಾವುದನ್ನು ಸೇರಿಸಿದಾಗ ತೊಂದರೆ ಮರಳುವುದೋ ಅಲ್ಲಿ ಕಾರಣ ದೊರೆಯುತ್ತದೆ. ಅನೇಕ ವೇಳೆ ಅದು ಚಿತ್ರ, ವಿಡಿಯೊಗಳನ್ನು ತಾನಾಗಿ ಮೇಲಕ್ಕೆ ಕಳುಹಿಸುತ್ತಿರುವ ಮೊಬೈಲ್ ಆಗಿರುತ್ತದೆ. ಹೊರಹೋಗುವ ಮಾರ್ಗವನ್ನು ಅದೊಂದೇ ತುಂಬಿಬಿಟ್ಟರೆ ಉಳಿದವರ ಕೋರಿಕೆಗಳು ಸಾಲಿನಲ್ಲಿ ನಿಲ್ಲುತ್ತವೆ. ಕಾಲಮಿತಿ ಮೀರಿ ತಂತ್ರಾಂಶ ಲಾಗ್‌ಔಟ್ ಆಗುತ್ತದೆ. ನೋಡುವವರಿಗೆ ಇದು ಸಂಪರ್ಕ ಕಡಿತದಂತೆಯೇ ಕಾಣುತ್ತದೆ.

ಕೇಬಲ್‌ನ ಗಣಕಯಂತ್ರ ನಡೆಯುತ್ತಿದ್ದು ವೈ-ಫೈ ಮಾತ್ರ ಕೈಕೊಟ್ಟರೆ, 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಬಹುದು.

4. ಪರಿಹಾರ
ಕಚೇರಿಯ ಗಣಕಯಂತ್ರಗಳನ್ನು ಕೇಬಲ್‌ಗೆ ಜೋಡಿಸುವುದು, ಸಾರ್ವಜನಿಕರ ಹಾಗೂ ಸಿಬ್ಬಂದಿಯ ಮೊಬೈಲ್‌ಗಳಿಗೆ ವೇಗಮಿತಿಯುಳ್ಳ ಪ್ರತ್ಯೇಕ ಅತಿಥಿ ಜಾಲ ನೀಡುವುದು, ಸ್ವಯಂ ಬ್ಯಾಕಪ್ ನಿಲ್ಲಿಸುವುದು, ರೂಟರ್‌ನ ಫರ್ಮ್‌ವೇರ್ ನವೀಕರಿಸುವುದು ಇವಿಷ್ಟಕ್ಕೆ ತಗಲುವ ವೆಚ್ಚ ಅತ್ಯಲ್ಪ. ರೂಟರ್ ಪ್ರತಿಯೊಂದು ಸಂಪರ್ಕವನ್ನೂ ತನ್ನ ಸ್ಮರಣೆಯಲ್ಲಿ ದಾಖಲಿಸಿಕೊಳ್ಳುತ್ತದೆ. ಸಣ್ಣ ಉಪಕರಣದಲ್ಲಿ ಆ ಪಟ್ಟಿ ತುಂಬಿದರೆ ಹೊಸ ಸಂಪರ್ಕಗಳಿಗೆ ಎಡೆಯಿರುವುದಿಲ್ಲ. ಮೇಲಿನ ಕ್ರಮಗಳ ನಂತರವೂ ತೊಂದರೆ ಉಳಿದರೆ ಹೆಚ್ಚಿನ ಸಾಮರ್ಥ್ಯದ ರೂಟರ್ ಖರೀದಿಸುವುದು ಸಮರ್ಥನೀಯ.

5. ದಾಖಲೆ
ಒಂದು ವಾರ ಕಾಲ ವಹಿಯೊಂದರಲ್ಲಿ ಕಡಿತದ ದಿನಾಂಕ, ವೇಳೆ, ದೀಪಗಳ ಸ್ಥಿತಿ ಮತ್ತು ಆಗ ಜೋಡಣೆಯಾಗಿದ್ದ ಉಪಕರಣಗಳ ಸಂಖ್ಯೆಯನ್ನು ನಮೂದಿಸಬೇಕು. ಆ ಪುಟವನ್ನು ಸಭೆಯ ಮುಂದೆ ಇಟ್ಟಲ್ಲಿ ಖರೀದಿ ಬೇಕೋ ಬೇಡವೋ ಎಂಬುದು ಸ್ಪಷ್ಟವಾಗುತ್ತದೆ. ಸೇವಾದಾರರಿಗೆ ಸಲ್ಲಿಸುವ ದೂರಿಗೂ ಅದೇ ಆಧಾರವಾಗುತ್ತದೆ.