ಖಿನ್ನತೆಯಲ್ಲಿ ನಕಾರಾತ್ಮಕ ಆಲೋಚನೆಗಳು: ಮಿದುಳಿನಲ್ಲಿ ನಡೆಯುವುದೇನು?

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದಾಗಿರುತ್ತದೆ. ಈ ಕಾರಣಕ್ಕಾಗಿ ಪ್ರಮಾಣಪತ್ರ ಕೋರಿ ಬರುವ ಅರ್ಜಿದಾರರೊಂದಿಗೆ ಮನೆಯವರೂ ಬಂದಿರುತ್ತಾರೆ. "ಬೇಡದ್ದನ್ನು ಯೋಚಿಸಬೇಡ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ" ಎಂಬುದು ಅವರ ಸಾಮಾನ್ಯ ದೂರು. ಅದರಲ್ಲಿ ಕಾಳಜಿ ಇದೆ. ಆದರೆ ಕಾಯಿಲೆಯ ಸ್ವರೂಪದ ತಿಳಿವಳಿಕೆ ಇಲ್ಲ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

ಮಿದುಳಿನ ಒಳಗೆ, ಎಡಬಲ ಎರಡೂ ಪಾರ್ಶ್ವಗಳಲ್ಲಿ, ಬಾದಾಮಿ ಬೀಜದ ಆಕಾರದ ಅಮಿಗ್ಡಾಲ ಎಂಬ ಭಾಗವಿದೆ. ಭಯ, ಅಪಾಯ ಮುಂತಾದವುಗಳ ಸೂಚನೆ ದೊರೆತೊಡನೆ ದೇಹವನ್ನು ಎಚ್ಚರಿಸುವುದು ಇದರ ಕಾರ್ಯಗಳಲ್ಲೊಂದು. ಹಣೆಯ ಹಿಂಭಾಗದಲ್ಲಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್ ಆ ಸೂಚನೆಯನ್ನು ತೂಗಿ ನೋಡಿ, ಗಂಭೀರವಲ್ಲದಿದ್ದಲ್ಲಿ ಶಮನಗೊಳಿಸಲು ನೆರವಾಗುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಶಾಖೆಯು ಕಡತಕ್ಕೆ 'ತುರ್ತು' ಎಂಬ ಚೀಟಿ ಅಂಟಿಸಿ ಮಂಡಿಸುತ್ತದೆ. ಇನ್ನೊಂದು ಪರಿಶೀಲಿಸಿ ಮುಕ್ತಾಯಗೊಳಿಸುತ್ತದೆ. ಖಿನ್ನತೆಯಲ್ಲಿ ಸದರಿ ಕಡತ ಮುಕ್ತಾಯವಾಗದೆ ಮೇಜಿನ ಮೇಲೆಯೇ ಉಳಿಯುತ್ತದೆ.

ಅಮೆರಿಕದಲ್ಲಿ ಗ್ರೆಗ್ ಸೀಗಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವಿನ ಅರ್ಥವುಳ್ಳ ಪದಗಳನ್ನು ತೋರಿಸಿದಾಗ ಆರೋಗ್ಯವಂತರ ಅಮಿಗ್ಡಾಲದ ಚಟುವಟಿಕೆ ಬೇಗನೆ ತಗ್ಗಿತು. ಖಿನ್ನತೆಯುಳ್ಳವರಲ್ಲಿ ಅದು ಮುಂದಿನ ಬೇರೊಂದು ಕೆಲಸದ ವೇಳೆಯಲ್ಲಿಯೂ, ಸುಮಾರು 25 ಸೆಕೆಂಡುಗಳ ನಂತರವೂ ಮುಂದುವರಿದಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರ 2007ರ ಅಧ್ಯಯನವು ಮನೆಯವರು ವಿಶೇಷವಾಗಿ ಗಮನಿಸತಕ್ಕದ್ದಾಗಿದೆ. ಅಹಿತಕರ ಚಿತ್ರಗಳನ್ನು ನೋಡುತ್ತಾ ಮನಸ್ಸನ್ನು ಸಮಾಧಾನಕ್ಕೆ ತಂದುಕೊಳ್ಳುವಂತೆ ಸೂಚಿಸಿದಾಗ, ಖಿನ್ನತೆಯುಳ್ಳವರ ಪ್ರೀಫ್ರಂಟಲ್ ಭಾಗವೂ ಶ್ರಮಿಸಿತು; ಆದರೆ ಆರೋಗ್ಯವಂತರಲ್ಲಿ ಕಂಡಂತೆ ಅಮಿಗ್ಡಾಲ ಶಾಂತವಾಗಲಿಲ್ಲ. ಅಂದರೆ ರೋಗಿಯು ಪ್ರಯತ್ನಿಸುತ್ತಿಲ್ಲವೆಂದಲ್ಲ, ಪ್ರಯತ್ನಕ್ಕೆ ತಕ್ಕ ಫಲ ದೊರೆಯುತ್ತಿಲ್ಲ.

ಇವು ಗುಂಪುಗಳ ಸರಾಸರಿ ಫಲಿತಾಂಶಗಳು. ಎಲ್ಲ ರೋಗಿಗಳಲ್ಲಿಯೂ ಒಂದೇ ರೀತಿ ಇರುತ್ತದೆಂದು ಭಾವಿಸತಕ್ಕದ್ದಲ್ಲ. ಮಿದುಳಿನ ಸ್ಕ್ಯಾನ್ ಮಾಡಿಸಿ ಖಿನ್ನತೆಯನ್ನು ಸಾಬೀತುಪಡಿಸಲು ಬರುವುದಿಲ್ಲ. ಈ ಉದ್ದೇಶಕ್ಕೆಂದೇ ಸಾಲ ಮಾಡಿ ಸ್ಕ್ಯಾನ್ ಮಾಡಿಸುವುದು ಅನವಶ್ಯಕ. ಬೇರೆ ಕಾಯಿಲೆಯ ಶಂಕೆಯಿದ್ದಲ್ಲಿ ವೈದ್ಯರೇ ಸೂಚಿಸುತ್ತಾರೆ. ವೈಕಲ್ಯದ ಪ್ರಮಾಣವನ್ನು ಸ್ವಂತ ಆರೈಕೆ, ಇತರರೊಂದಿಗಿನ ಒಡನಾಟ, ಸಂವಹನ ಹಾಗೂ ಕೆಲಸದ ಸಾಮರ್ಥ್ಯ ಮತ್ತು ಕಾಯಿಲೆಯ ಅವಧಿಯನ್ನು ಪರಿಗಣಿಸಿ ನಿರ್ಧರಿಸಲಾಗುತ್ತದೆ.

ಚಿಕಿತ್ಸೆಯಿಂದ ಗುಣ ಕಾಣುವ ಸಾಧ್ಯತೆ ಉತ್ತಮವಾಗಿದೆ. ಡಾ. ಆರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಪದ್ಧತಿಯಲ್ಲಿ ಆಲೋಚನೆಯನ್ನು ಓಡಿಸುವುದಕ್ಕೆ ಬದಲಾಗಿ, ಅದು ನಿಜವೇ ಎಂದು ಪರಿಶೀಲಿಸುವುದನ್ನು ಕಲಿಸಲಾಗುತ್ತದೆ. ಔಷಧಿಗಳ ಪರಿಣಾಮ ಅನುಭವಕ್ಕೆ ಬರಲು ಕೆಲವು ವಾರಗಳು ಬೇಕಾಗುವುದರಿಂದ, ಹತ್ತು ದಿನಗಳಲ್ಲಿ ಗುಣವಾಗಲಿಲ್ಲವೆಂದು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಜೀವ ಕಳೆದುಕೊಳ್ಳುವ ಮಾತು ಬಂದಲ್ಲಿ ಪ್ರಮಾಣಪತ್ರದ ಕೆಲಸವನ್ನು ಬದಿಗಿರಿಸಿ, ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿ ಮಾತನಾಡಬಹುದಾಗಿದೆ.